ಹಗರೆಯ ಕಂಪ್ಯೂಟರಿನ ಕುಲಪರೀಕ್ಷೆ

ಗುರುತಿಲ್ಲದವರಿಗೆ ಬಾಗಿಲು ತೆಗೆಯಬೇಡವೆಂದು ಚಿತ್ರಾಳ ಅಜ್ಜಿ ಅವಳ ಬಾಲ್ಯದುದ್ದಕ್ಕೂ ಹೇಳಿದ್ದರು. ಗುರುತೆಂದರೇನು, ಅದನ್ನು ಕೊಡುವವರು ಯಾರು ಎಂಬುದನ್ನು ಮಾತ್ರ ಹೇಳಿರಲಿಲ್ಲ. ಅರಸೀಕೆರೆಯ ಕ್ಷೀರಸಂಗಮ ಹಾಲು ಸಂಘದಲ್ಲಿ ಕಂಪ್ಯೂಟರ್ ವಿಭಾಗದ ಉಸ್ತುವಾರಿ ವಹಿಸಿಕೊಂಡ ಮೇಲೆ ಈ ಕೊರತೆ ಅವಳನ್ನು ಕಾಡತೊಡಗಿತು.

ಸಂಘದ ಊರೂರಿನ ಕಂಪ್ಯೂಟರುಗಳೆಲ್ಲ ಡೊಮೇನ್ ಎಂಬ ಒಂದೇ ಜಾಲಕ್ಕೆ ಸೇರಿದ್ದವು. ಕಂಡಕಂಡ ಕಂಪ್ಯೂಟರು ಅದರೊಳಗೆ ಲಾಗಿನ್ ಆಗುವುದು ಅಪಾಯವೆಂದೂ, ಗೊತ್ತಿರುವವುಗಳಿಗೆ ಮಾತ್ರ ಪ್ರವೇಶ ಕೊಡೋಣವೆಂದೂ ಅವಳು ಸೂಚಿಸಿದಳು. ಅಧ್ಯಕ್ಷ ಸುಂದರರಾಜರು ಮೆಚ್ಚಿದರು.

"ನೋಡದೆ ಗೊತ್ತಾಗೋದು ಹೇಗಮ್ಮ? ಮನೆಗೆ ಸೊಸೆ ತರುವಾಗ ನೋಡದೆ ತರ್ತೀವಾ?"

ಹೀಗಾಗಿ ಎಲ್ಲ ಕಂಪ್ಯೂಟರುಗಳೂ ಶುಕ್ರವಾರ ರಾಹುಕಾಲ ಕಳೆದ ಮೇಲೆ, ಹಿರಿಯರೊಬ್ಬರ ಜೊತೆಯಲ್ಲಿ, ಅರಸೀಕೆರೆಗೆ ಖುದ್ದಾಗಿ ಹಾಜರಾಗತಕ್ಕದ್ದೆಂದು ಆದೇಶ ಹೊರಟಿತು.

ಶುಕ್ರವಾರ ಉಪ್ಪಿಟ್ಟು, ಕೇಸರಿಬಾತು ಸಿದ್ಧವಾಗಿದ್ದವು. ಜಾವಗಲ್ಲಿನ ಕಂಪ್ಯೂಟರು ಹೂ ಮುಡಿದು ಬಂದಿತ್ತು. ಹೆಸರಾಂತ ಕಂಪನಿಯದು, ಹಿಂದೆ ಬೇರೆಲ್ಲೂ ಲಾಗಿನ್ ಆಗಿರದದ್ದು ಎಂದು ಸಭೆ ಒಪ್ಪಿತು. ಹಗರೆಯ ಕಂಪ್ಯೂಟರನ್ನು ಅಲ್ಲಿನ ಕಾರ್ಯದರ್ಶಿ ಜವರಯ್ಯ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ.

"ಇದು ಯಾವ ಕಂಪನೀದು?" ಎಂದು ಸುಂದರರಾಜರು ಕೇಳಿದರು.

"ಕಂಪನಿ ಗಿಂಪನಿ ಇಲ್ಲ ಸ್ವಾಮಿ. ಬೇಲೂರಲ್ಲಿ ಜೋಡ್ಸಿದ್ದು. ಒಂದೊಂದು ಭಾಗ ಒಂದೊಂದು ಕಡೇದು."

ಸಭೆ ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟಿತು.

"ಕೆಲ್ಸ ಮಾತ್ರ ಚೆನ್ನಾಗಿ ಮಾಡ್ತೈತೆ."

"ಕೆಲಸದ ಮಾತಲ್ಲ ಜವರಯ್ಯ. ಮನೆತನದ ಮಾತು."

ಅಷ್ಟರಲ್ಲಿ ಜವರಯ್ಯನ ಫೋನು ಬಡಿದುಕೊಂಡಿತು. ಸಂಘಕ್ಕೆ ಹಾಲು ಹಾಕುವ ಹಗರೆಯ ಮುದ್ದಮ್ಮ. ಬೆಳಗಿನಿಂದ ಅವಳ ಹಸು ಈಯಲಾರದೆ ಒದ್ದಾಡುತ್ತಿತ್ತು. ಕರುವಿನ ಕಾಲು ಒಳಗೇ ಮಡಚಿಕೊಂಡಿತ್ತು.

"ಡಾಕ್ಟ್ರನ್ನ ಕಳ್ಸಣ್ಣ. ನಂಗಿರಾದೇ ಅದೊಂದ್ ಹಸ."

ಆಯಾ ಊರಿನ ಕಂಪ್ಯೂಟರಿನಿಂದ ಡೊಮೇನ್ ಮೂಲಕ ಕರೆ ಬಂದರಷ್ಟೇ ಪಶುವೈದ್ಯರು ಹೊರಡಬೇಕೆಂಬುದು ನಿಯಮ. ಹಗರೆಯ ಕಂಪ್ಯೂಟರು ಅರಸೀಕೆರೆಯಲ್ಲಿತ್ತು. ಪಶುವೈದ್ಯ ಹೇಮಂತ್ ಅದರ ಪಕ್ಕದಲ್ಲೇ ಕೇಸರಿಬಾತು ತಿನ್ನುತ್ತಿದ್ದರು.

"ಕೇಳಿಸ್ತಲ್ಲ ಸರ್, ಹೊರಡಿ," ಎಂದಳು ಚಿತ್ರಾ.

"ಕಿವಿಗೆ ಕೇಳಿಸ್ತು ಮೇಡಂ. ಡೊಮೇನ್‌ಗೆ ಬಂದಿಲ್ಲವಲ್ಲ."

ಅವಳು ಅಧ್ಯಕ್ಷರ ಕಡೆ ತಿರುಗಿದಳು. "ಹಗರೆಯದನ್ನ ಐದೇ ನಿಮಿಷ ಒಳಗೆ ಬಿಡ್ತೀನಿ ಸರ್."

"ಐದು ನಿಮಿಷದ ಸಂಬಂಧ ನಮ್ಮಲ್ಲಿಲ್ಲಮ್ಮ."

ಚಿತ್ರಾಳಿಗೆ ತರ್ಕದಲ್ಲಿ ಅಪಾರ ನಂಬಿಕೆ. "ಹಾಗಾದರೆ ನಮ್ಮ ಸರ್ವರ್‌ಗೂ ಮನೆತನವಿಲ್ಲ ಸರ್. ಎಲ್ಲರನ್ನೂ ಒಳಗೆ ಬಿಡೋದೇ ಅದು. ಅದನ್ನೂ ಬೇಲೂರಲ್ಲೇ ಜೋಡಿಸಿದ್ದು."

ಸುಂದರರಾಜರು ಗಂಭೀರವಾಗಿ ಯೋಚಿಸಿದರು. ಎದ್ದು ಹೋಗಿ, ಸರ್ವರಿನ ಸ್ವಿಚ್ಚನ್ನು ತಾವೇ ಆರಿಸಿ ಬಂದರು. ಆ ಕ್ಷಣದಿಂದ ಡೊಮೇನ್ ಸಂಪೂರ್ಣ ಸುರಕ್ಷಿತವಾಯಿತು. ಒಳಗೆ ಯಾರೂ ಇರಲಿಲ್ಲ. ಸಭೆ ಚಪ್ಪಾಳೆ ತಟ್ಟಿತು.

ಚಪ್ಪಾಳೆಯ ನಡುವೆ ಮತ್ತೆ ಮುದ್ದಮ್ಮನ ಫೋನು. "ಪಕ್ಕದ್ಮನೆ ಹುಚ್ಚಮ್ಮ ಕೈ ಹಾಕಿ ಎಳುದ್ಲು ಕಣಣ್ಣ. ಹೆಣ್ಗರ. ಎದ್ದು ನಿಂತೈತೆ."

ಚಿತ್ರಾಳ ಕಣ್ಣು ತುಂಬಿತು. ಸುಂದರರಾಜರ ಹುಬ್ಬು ಗಂಟಿಕ್ಕಿತು.

"ಕರು ಯಾವ ಕಂಪ್ಯೂಟರ್ ಮೂಲಕ ಬಂತು?"

"ಯಾವುದ್ರಿಂದ್ಲೂ ಅಲ್ಲ ಸ್ವಾಮಿ," ಎಂದ ಜವರಯ್ಯ.

"ತಂದೆ ಯಾರು?"

"ನಮ್ ಸಂಘದ್ದೇ ಗಬ್ಬದ ಸೂಜಿ. ಡಾಕ್ಟ್ರೇ ಹಾಕಿದ್ದು."

ಹೇಮಂತ್ ಕಿಟಕಿಯಾಚೆ ನೋಡಿದರು. ಅಧ್ಯಕ್ಷರು ಸದಸ್ಯರೊಡನೆ ಪಿಸುಮಾತಿನಲ್ಲಿ ಚರ್ಚಿಸಿ ತೀರ್ಮಾನಕ್ಕೆ ಬಂದರು. ಜವರಯ್ಯ ಅದನ್ನು ಫೋನಿನಲ್ಲಿ ತಿಳಿಸಿದ.

"ಆಗ್ಲಿ ಬಿಡಣ್ಣ," ಎಂದಳು ಮುದ್ದಮ್ಮ. "ಯಾವ ಬಸ್ಸಿಗೆ ಹತ್ತಿಸ್ಲಿ?"

ಗುರುತಿನ ಉಸ್ತುವಾರಿ ಚಿತ್ರಾಳದ್ದೇ ಆದ್ದರಿಂದ ಪ್ರಕಟಣೆಯೂ ಅವಳ ಬಾಯಿಂದಲೇ ಬರಬೇಕಾಗಿತ್ತು. ಅವಳು ಎಲ್ಲರ ಮುಖ ನೋಡಿದಳು. ಒಬ್ಬರಲ್ಲೂ ಸಂದೇಹ ಕಾಣಲಿಲ್ಲ. ಎದ್ದು ನಿಂತು, ಸ್ಪಷ್ಟವಾದ ದನಿಯಲ್ಲಿ ಹೇಳಿದಳು:

"ಹಗರೆಯಲ್ಲಿ ಇಂದು ಅನುಮತಿಯಿಲ್ಲದೆ ಪ್ರವೇಶಿಸಿರುವ ಕರುವನ್ನು ಸಂಘವು ಗುರುತಿಸುವುದಿಲ್ಲ. ಬರುವ ಶುಕ್ರವಾರ ರಾಹುಕಾಲ ಕಳೆದ ಮೇಲೆ ಅದು ತಾಯಿಯೊಡನೆ ಇಲ್ಲಿ ಹಾಜರಾಗತಕ್ಕದ್ದು. ಅಲ್ಲಿಯವರೆಗೆ ಆ ಮನೆಯ ಹಾಲನ್ನು ಪಡೆಯತಕ್ಕದ್ದಲ್ಲ. ಉಪ್ಪಿಟ್ಟಿನ ವ್ಯವಸ್ಥೆ ಸಂಘದ್ದು."