ಸೆಲ್ವಿಯಮ್ಮ ಮುಟ್ಟದ ವೈರು

ಕಂಪ್ಯೂಟರ್ ರಿಪೇರಿ ನನ್ನ ಹೊಟ್ಟೆಪಾಡು. ಅದಕ್ಕಿಂತ ಚೆನ್ನಾಗಿ ಬರುವ ವಿದ್ಯೆ ಇನ್ನೊಂದಿದೆ: ಏನಾದರೂ ಕೆಟ್ಟ ಕೂಡಲೇ ಕೆಡಿಸಿದವರನ್ನು ಕಂಡುಹಿಡಿದುಬಿಡುವುದು. ಮನೆಯಲ್ಲಿ ನಲ್ಲಿ ಸೋರಿದರೆ ಮೇಲಿನ ಮನೆಯವರು, ಹಾಲು ಉಕ್ಕಿದರೆ ಆಗ ಫೋನ್ ಮಾಡಿದವರು. "ನಿಮ್ಮೊಬ್ರನ್ನ ಬಿಟ್ಟು ಊರೆಲ್ಲಾ ತಪ್ಪು ಮಾಡುತ್ತೆ" ಎಂದು ಹೆಂಡತಿ ಹೇಳುವುದುಂಟು. ಅದನ್ನು ನಾನು ಹೊಗಳಿಕೆಯೆಂದೇ ತಿಳಿದಿದ್ದೆ, ಆ ಸೋಮವಾರದವರೆಗೆ.

ಪುಲಿಕೇಶಿನಗರದ ಒಂದು ಸಣ್ಣ ಕಣ್ಣಾಸ್ಪತ್ರೆಯ ಕಂಪ್ಯೂಟರುಗಳೆಲ್ಲ ನನ್ನ ಜವಾಬ್ದಾರಿ. ರೋಗಿಗಳ ದಾಖಲೆ ಪೂರ್ತಿ ಇರುವುದು ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೂತ ಒಂದೇ ಸರ್ವರಿನಲ್ಲಿ. ಅವತ್ತು ಬೆಳಗ್ಗೆ ಹತ್ತಕ್ಕೆ ಅದು ಮಾತು ನಿಲ್ಲಿಸಿತು. ಯಾರ ದಾಖಲೆಯೂ ತೆರೆಯದು. ಬೆಂಚಿನ ತುಂಬ ಜನ. ಹಲಸೂರಿನಿಂದ ಬಂದ ಅಜ್ಜ ಒಬ್ಬರು ಪೊರೆಯ ಆಪರೇಷನ್‌ಗೆ ತಯಾರಾಗಿ ಕೂತಿದ್ದರು. ಅವರ ಕಣ್ಣಿಗೆ ಯಾವ ಲೆನ್ಸ್ ಹಾಕಬೇಕೆಂಬ ಲೆಕ್ಕ ಸರ್ವರಿನ ಹೊಟ್ಟೆಯೊಳಗೆ.

"ಏನಾಯ್ತು ರೀ?" ಎಂದು ರಿಸೆಪ್ಷನ್ನಿನ ಫಿಲೋಮಿನಾ ಮೇಡಂ ಎದ್ದು ಬಂದರು. ಗೂಡಿನ ಪಕ್ಕದಲ್ಲೇ ಸೆಲ್ವಿಯಮ್ಮ ನೆಲ ಒರೆಸುತ್ತಿದ್ದರು. ನನಗೆ ಅಷ್ಟು ಸಾಕಾಯಿತು.

"ಇನ್ನೇನಾಗುತ್ತೆ ಮೇಡಂ? ಒರೆಸೋವಾಗ ವೈರ್ ಎಳೆದಿದ್ದಾರೆ. ಎಷ್ಟು ಸಲ ಹೇಳೋದು ಸೆಲ್ವಿಯಮ್ಮ?" ಎಂದೆ, ಇಡೀ ಬೆಂಚಿಗೆ ಕೇಳುವ ಹಾಗೆ. ನಿಜ ಹೇಳಬೇಕೆಂದರೆ ಒಂದು ಸಲವೂ ಹೇಳಿರಲಿಲ್ಲ.

"ನಾನು ಮುಟ್ಲೇ ಇಲ್ಲ ಸಾರ್, ದೇವ್ರಾಣೆ" ಎಂದರು ಆಕೆ. ಅಜ್ಜ ಆಕೆಯತ್ತ ತಿರುಗಿ ಚ್ಚು ಚ್ಚು ಎಂದರು.

ಗೂಡಿನೊಳಗೆ ತೂರಿ ನೋಡಿದರೆ ವೈರುಗಳೆಲ್ಲ ಭದ್ರವಾಗಿದ್ದವು. ಸರ್ವರಿಗೆ ನೇರವಾಗಿ ಮಾನಿಟರ್ ಜೋಡಿಸಿದೆ. ಹೆಸರು ಟೈಪ್ ಮಾಡಿದರೆ ಒಂದೊಂದು ಅಕ್ಷರ ಮೂಡಲು ಅರ್ಧ ನಿಮಿಷ. ಆಮೇಲೆ ಪರದೆಯ ತುಂಬ ಒಂದೇ ದೂರು: ಡಿಸ್ಕ್ ಓದಲಾಗುತ್ತಿಲ್ಲ. ಹಾರ್ಡ್ ಡಿಸ್ಕು ತನ್ನ ಆರೋಗ್ಯದ ವರದಿಯನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ತೆಗೆದು ನೋಡಿದೆ. ಮೂರು ವಾರಗಳಿಂದ ಅದರೊಳಗಿನ ಕೆಟ್ಟ ಜಾಗಗಳು ಹರಡುತ್ತಲೇ ಇದ್ದವು. ಈ ಸಂಗತಿಯನ್ನು ಸರ್ವರು ದಿನವೂ ನನಗೆ ಮೇಲ್ ಮಾಡುತ್ತಲೂ ಇತ್ತು. ಆ ವ್ಯವಸ್ಥೆ ಮಾಡಿದವನು ನಾನೇ. ಕಿರಿಕಿರಿಯೆಂದು ಆ ಮೇಲ್‌ಗಳನ್ನು ಕಣ್ಣಿಗೆ ಬೀಳದ ಫೋಲ್ಡರಿಗೆ ತಳ್ಳಿದವನೂ ನಾನೇ.

ಹಿಂದೆ ನಿಂತು ನೋಡುತ್ತಿದ್ದ ಮೇಡಂ ಮೆಲ್ಲಗೆ ಹೇಳಿದರು: "ಅದು ಟಿಕ್ ಟಿಕ್ ಅಂತಿದೆ ಅಂತ ಹೋದ ವಾರಾನೇ ಸೆಲ್ವಿ ನಿಮಗೆ ಹೇಳಿದ್ಲಲ್ಲಾ? ಫ್ಯಾನ್ ಇರ್ಬೇಕು ಬಿಡಿ ಅಂದ್ರಿ."

ಗೂಡು ಚಿಕ್ಕದು. ಮುಖ ಮುಚ್ಚಿಕೊಳ್ಳಲೂ ಜಾಗವಿರಲಿಲ್ಲ.

ಹೊಸ ಡಿಸ್ಕಿಗೆ ನಕಲು ಶುರುಮಾಡಿದೆ. ಅಜ್ಜನ ಲೆನ್ಸಿನ ಲೆಕ್ಕ ಮೂರನೇ ಪ್ರಯತ್ನಕ್ಕೆ, ಮಧ್ಯಾಹ್ನ ಎರಡಕ್ಕೆ ಸಿಕ್ಕಿತು. ಆಪರೇಷನ್ ಆಯಿತು. ನಾಲ್ಕು ದಿನದ ದಾಖಲೆ ಮಾತ್ರ ಹೋಗೇಬಿಟ್ಟಿತು. ಆ ದಿನಗಳಲ್ಲಿ ಬಂದಿದ್ದ ಅಷ್ಟೂ ಜನರಿಗೆ ಮೇಡಂ ಫೋನ್ ಮಾಡಿ ಮತ್ತೆ ಕರೆಸಬೇಕಾಯಿತು.

ಸಂಜೆ ಯಾರೂ ಇಲ್ಲದ ಹೊತ್ತು ನೋಡಿ ಸೆಲ್ವಿಯಮ್ಮನ ಹತ್ತಿರ ಹೋದೆ. "ತಪ್ಪಾಯ್ತು ಸೆಲ್ವಿಯಮ್ಮ" ಎಂದೆ, ನನಗೇ ಸರಿಯಾಗಿ ಕೇಳಿಸದಷ್ಟು ಮೆತ್ತಗೆ.

ಆಕೆ ಸುತ್ತ ನೋಡಿದರು. "ಬೈಯೋವಾಗ ಎಲ್ಲಾರೂ ಇದ್ರು ಸಾರ್" ಎಂದಷ್ಟೇ ಹೇಳಿ ಚೀಲ ತೆಗೆದುಕೊಂಡು ಹೊರಟರು.

ಮರುದಿನ ಬೆಂಚು ತುಂಬಿದ ಮೇಲೆ ಎದ್ದು ನಿಂತು, ಡಾಕ್ಟರ ಎದುರಿಗೇ ಎಲ್ಲವನ್ನೂ ಒಪ್ಪಿಕೊಂಡೆ. ಬೆಂಚಿನಲ್ಲಿದ್ದವರೆಲ್ಲ ಹೊಸ ರೋಗಿಗಳು, ತಲೆಬುಡ ಗೊತ್ತಾಗದೆ ನನ್ನನ್ನೇ ನೋಡಿದರು. "ಅದೇನ್ರೀ, ಯಾವಾಗ ಬೈದ್ರಿ?" ಎಂದರು ಡಾಕ್ಟರು. ಅವರಿಗೆ ನಾನು ಬೈದ ವಿಷಯವೇ ಗೊತ್ತಿರಲಿಲ್ಲವಂತೆ. ಹಾಗಾಗಿ ಮೊದಲಿಂದ, ಆ ಮೇಲ್‌ಗಳ ಸಮೇತ, ಇನ್ನೊಮ್ಮೆ ಹೇಳಬೇಕಾಯಿತು.

ಸೆಲ್ವಿಯಮ್ಮ ಬಕೆಟ್ ಪಕ್ಕ ನಿಂತು ಎರಡು ಸಲವೂ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹತ್ತಿರ ಬಂದು, "ಸ್ವಲ್ಪ ಕಾಲೆತ್ತಿ ಸಾರ್, ಒರೆಸ್ಬೇಕು" ಎಂದರು.

ನಿಂತಲ್ಲೇ ಎರಡೂ ಕಾಲನ್ನು ಒಟ್ಟಿಗೆ ಎತ್ತಲು ಸಾಧ್ಯವಿದ್ದಿದ್ದರೆ ಎತ್ತುತ್ತಿದ್ದೆ.