ದೇವದುರ್ಗದ ಬಸ್ಸು, ಒಂದು ಬಾಟ್ಲಿ ಹಾಲು

ನಮ್ಮ ಮಾವನವರು ನಿವೃತ್ತರಾದ ಸಂಗತಿ ಸಾರಿಗೆ ಸಂಸ್ಥೆಗೆ ಗೊತ್ತು, ನಮ್ಮ ಓಣಿಗೆ ಗೊತ್ತು; ಅವರಿಗೊಬ್ಬರಿಗೆ ಇನ್ನೂ ಯಾರೂ ತಿಳಿಸಿದಂತಿಲ್ಲ! ನೌಕರಿಯ ಉದ್ದಕ್ಕೂ ರಾಯಚೂರು–ಮಾನ್ವಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಮದುವೆಯಾಗಿ ಬಂದ ದಿನ ನಾನು ಹೊಸ್ತಿಲಲ್ಲಿ ನಾಚಿ ನಿಂತರೆ, "ಬಾಗಿಲದಾಗ ನಿಂದರಬ್ಯಾಡ್ರಿ, ಒಳಗ ಜಾಗ ಅದ" ಎಂದರು. ಮಂಗಳಾರತಿ ಮುಗಿದ ಮೇಲೆ ಉಳಿದವರು ಕೈಮುಗಿದರೆ ಇವರು "ರೈಟ್" ಎನ್ನುತ್ತಾರೆ. ದೇವರು ಹೊರಡುತ್ತಾನೋ ಇಲ್ಲವೋ, ಅತ್ತೆ ಮಾತ್ರ ಅಡುಗೆಮನೆಗೆ ಹೊರಡುತ್ತಾರೆ.

ಇಂಥವರ ಕೈಗೆ ಎದೆಹಾಲಿನ ಕೂಸನ್ನು ಒಪ್ಪಿಸಿ ನಾನು ದೇವದುರ್ಗದ ಶಾಲೆಗೆ ಹೋಗಬೇಕಿತ್ತು. ಹೆರಿಗೆ ರಜೆ ಮುಗಿಯುತ್ತಾ ಬಂದಿತ್ತು. ಹಾಲು ಹಿಂಡಿ ಫ್ರಿಜ್ಜಿನಲ್ಲಿಡುವುದನ್ನು ನಾನು ಕಲಿತೆ. ಅದನ್ನು ಕುಡಿಯುವುದನ್ನು ಮಗಳು ಕಲಿಯಲಿಲ್ಲ. ಬಾಟ್ಲಿ ಕಂಡರೆ ತುಟಿ ಬಿಗಿಯುತ್ತಿದ್ದಳು. ಅತ್ತೆ ನನ್ನ ಸೀರೆ ಉಟ್ಟು ಎತ್ತಿಕೊಂಡರು. ಮಗಳು ಒಮ್ಮೆ ಮೂಸಿ, ಮೋಸ ತಿಳಿದು, ಇನ್ನೂ ಜೋರಾಗಿ ಅತ್ತಳು. ಅವಳು ಕುಡಿಯದಿದ್ದರೆ ನಾನು ನೌಕರಿ ಬಿಡಬೇಕು. ಎಲ್ಲರೂ ಬಾಟ್ಲಿಯನ್ನೇ ನೋಡುತ್ತಿದ್ದೆವು.

ತಪ್ಪು ನನ್ನದೆಂದು ಮಾವ ತೀರ್ಪು ಕೊಟ್ಟರು.

"ಖಾಲಿ ಬಸ್ ಮುಂದ ನಿಂತಿದ್ರ ಹಿಂದಿನ ರಶ್ ಬಸ್ ಯಾರು ಹತ್ತತಾರ, ಯವ್ವಾ? ನೀ ಮೊದ್ಲ ಸ್ಟ್ಯಾಂಡ್ ಬಿಡು."

ಸ್ಟ್ಯಾಂಡ್ ಬಿಟ್ಟು ಎದುರು ಮನೆಯ ಕಟ್ಟೆಯ ಮೇಲೆ ಕೂತೆ. ಕಿಟಕಿಯಿಂದ ಎಲ್ಲವೂ ಕಾಣುತ್ತಿತ್ತು. ಮಾವ ಕಾಲು ಅಗಲಿಸಿ, ಬೆನ್ನು ಕಂಬಕ್ಕೆ ಆನಿಸಿ, ಕೂಸನ್ನು ಮುಂದಕ್ಕೆ ಮುಖ ಮಾಡಿ ಎತ್ತಿಕೊಂಡು, ಇಲ್ಲದ ಬಸ್ಸಿನಲ್ಲಿ ಓಲಾಡತೊಡಗಿದರು. "ಮಾನ್ವಿ, ಮಾನ್ವಿ, ಮಾನ್ವಿ!" ಕೂಸು ಬೆರಗಾಗಿ ಸುಮ್ಮನಾಯಿತು. ಕಲ್ಲೂರು ಸ್ಟಾಪಿನಲ್ಲಿ ನಿಪ್ಪಲ್ ಬಾಯಿಗೆ ತಾಗಿತು. ನೀರಮಾನ್ವಿಯಲ್ಲಿ ಉಗುಳಿತು. ಮಾನ್ವಿ ಮುಟ್ಟುವಷ್ಟರಲ್ಲಿ ಓಣಿಯೇ ಕೇಳುವಂತೆ ಅಳುತ್ತಿತ್ತು. ಇತ್ತ ಕಟ್ಟೆಯ ಮೇಲೆ ನನ್ನ ಕುಪ್ಪಸ ತೋಯ್ದಿತ್ತು. ಓಡಿ ಹೋಗಿ ಎತ್ತಿಕೊಂಡೆ.

ರಜೆ ಮುಗಿದ ದಿನ ಏನೂ ಬಗೆಹರಿಯದೆಯೇ ಬಸ್ಸು ಹತ್ತಿದೆ. ಮಧ್ಯಾಹ್ನ ಶಾಲೆಗೆ ಅತ್ತೆಯ ಫೋನ್ ಬಂತು.

"ಕುಡದಾಳ ಬೇ. ನಿಮ್ಮ ಮಾವ ಬೋರ್ಡ್ ಬದ್ಲಿ ಮಾಡಿದ್ರು."

ನಡೆದದ್ದು ಇಷ್ಟು. ಮಾನ್ವಿ ಬಸ್ಸನ್ನು ಕೂಸು ಏನು ಮಾಡಿದರೂ ಹತ್ತದಿದ್ದಾಗ ಮಾವ ಸೋತು, ಹೋಗಲಿ, ನಿಮ್ಮವ್ವ ಹೋದ ಬಸ್ಸನ್ನೇ ಹತ್ತು ಎಂದು "ದೇವದುರ್ಗ, ದೇವದುರ್ಗ" ಎಂದು ಕೂಗಿದರಂತೆ. ಕೂಸು ಹೊರಳಿ ನೋಡಿ ಬಾಯಿ ತೆರೆಯಿತಂತೆ.

ಏಕೆಂದು ನನಗೊಬ್ಬಳಿಗೆ ಗೊತ್ತಿತ್ತು. ರಜೆಯ ಕೊನೆಯ ದಿನಗಳಲ್ಲೆಲ್ಲ ಎದೆಗೆ ಹಾಕಿಕೊಂಡಾಗ ಅವಳ ಕಿವಿಯಲ್ಲಿ ಹೇಳುತ್ತಿದ್ದೆ: ಅವ್ವ ದೇವದುರ್ಗಕ್ಕ ಹೋಗಿ ಬರ್ತಾಳ, ದೇವದುರ್ಗಕ್ಕ ಹೋಗಿ ಬರ್ತಾಳ. ಧೈರ್ಯ ಹೇಳಿಕೊಂಡದ್ದು ನನಗೇ. ಅವಳಿಗೆ ಅದು ಊರಿನ ಹೆಸರಾಗಿರಲಿಲ್ಲ, ಹಾಲಿನ ಹೆಸರಾಗಿತ್ತು.

ಬೇಡಿಕೊಂಡದ್ದೇ ಆಗಿತ್ತಲ್ಲ, ಸಂತೋಷಪಡಬಾರದೆ? ಪುಸ್ತಕವನ್ನು ಎದೆಗೆ ಒತ್ತಿ ಹಿಡಿದು, ನನ್ನ ಸೀಟಿನಲ್ಲಿ ಬೇರೆ ಯಾರೋ ಬಂದು ಕೂತುಬಿಟ್ಟ ಹಾಗೆ ನಿಂತೇ ಇದ್ದೆ.

ಮುಂದಿನ ವಾರ ನಮ್ಮ ಬಸ್ಸಿನ ಕಂಡಕ್ಟರ್ ನಗುತ್ತಾ ಒಂದು ಸುದ್ದಿ ಹೇಳಿದ. ರವಿವಾರ ಮುದುಕರೊಬ್ಬರು ರಾಯಚೂರಿನಲ್ಲಿ ಹತ್ತಿ, ಪ್ರತಿ ಸ್ಟಾಪಿನ ಹೆಸರು ಕೇಳುತ್ತಾ ದೇವದುರ್ಗ ಮುಟ್ಟಿ, ಅದೇ ಬಸ್ಸಿನಲ್ಲಿ ವಾಪಸ್ ಬಂದರಂತೆ. ಟಿಕೆಟ್ ಕೊಡುವ ರೀತಿ ಸರಿಯಿಲ್ಲವೆಂದು ಅವನಿಗೆ ಬೈದೂ ಇದ್ದರಂತೆ. ನಮ್ಮವರೇ, ಅನುಮಾನವಿಲ್ಲ!

ಸಂಜೆ ಮನೆಯಲ್ಲಿ ಕೇಳಿದರೆ ಮಾವ ನನ್ನ ಮುಖ ನೋಡಲಿಲ್ಲ. "ಆ ರೂಟ್ ನಾ ಮಾಡಿದ್ದಿಲ್ಲ, ಯವ್ವಾ. ಕೂಸಿಗೆ ಸುಳ್ಳ ಸ್ಟಾಪ್ ಹೇಳಬಾರ್ದು."

ಮರುದಿನ ಸಂಜೆ ಬಾಗಿಲ ಹೊರಗೆ ಚಪ್ಪಲಿ ಬಿಡುತ್ತಿದ್ದಾಗ ಒಳಗಿನ ದನಿ ಕೇಳಿಸಿತು. "ಅವ್ವನ ಬಸ್ ಗಬ್ಬೂರು ದಾಟ್ತು. ಇನ್ನ ದೂರಿಲ್ಲ ನೋಡವ್ವಾ." ಇಣುಕಿದೆ. ಮಾವ ಕಂಬಕ್ಕೆ ಆತು ಓಲಾಡುತ್ತಿದ್ದರು. ಹಾಲು ತುಂಬಿದ ಬಾಟ್ಲಿ ಮುಚ್ಚಳ ಹಾಕಿದಂತೆಯೇ ಕಿಟಕಿಯಲ್ಲಿತ್ತು. ಮಗಳು ಬಾಗಿಲನ್ನೇ ನೋಡುತ್ತಿದ್ದಳು.

"ಹಸದಿಲ್ಲೇನ್ರಿ ಅಕಿಗೆ?"

"ಹಸದಾಳ. ಹೋಗೂ ಟ್ರಿಪ್ಪಿಗಷ್ಟ ಬಾಟ್ಲಿ. ಬರೂ ಟ್ರಿಪ್ ನಿಂದು."

ಕೂಸನ್ನು ನನ್ನ ಕೈಗಿತ್ತರು. ನಾನು ಅಲ್ಲೇ ನೆಲಕ್ಕೆ ಕೂತು ಸೆರಗು ಎಳೆದುಕೊಂಡೆ. ಮಾವ ಆ ಕಡೆ ತಿರುಗಿ ನಿಂತರು. ಅಭ್ಯಾಸದಂತೆ, ಇಲ್ಲದ ಬಸ್ಸಿನ ಗಂಟೆ ಹಗ್ಗಕ್ಕೆ ಕೈ ಎತ್ತಿದರು. ಆದರೆ "ರೈಟ್" ಎನ್ನಲಿಲ್ಲ.