ಕೋಲ್ಡ್ ರೂಮಿನ ಕರ್ನಲ್

ಪರದೇಶದ ಎಂಬಕಸಿ ಎಂಬಲ್ಲಿ, ವಿಮಾನ ಹತ್ತಲಿರುವ ಹೂವುಗಳಿಗೆ ಕೋಲ್ಡ್ ರೂಮ್ ಕಟ್ಟಿಕೊಡುವ ಕಂಪನಿಯಲ್ಲಿ ನನ್ನ ಕೆಲಸ. ಅದರ ಕಂಟ್ರೋಲರಿನೊಳಗೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ನಿರ್ಧರಿಸುವ ಕರ್ನಲ್ ಎಂಬ ಪ್ರೋಗ್ರಾಂ ಬರೆಯುವವಳು ನಾನು. ಹಿಂದುಮುಂದಾಗುವುದೇ ಈ ಕಸುಬಿನ ಗುಣ. ಹಾಗಾಗಿ ನಗುವ ಪ್ರಸಂಗಗಳಿಗೆ ಬರವಿಲ್ಲ.

ಮಾರಾಯ ಯಾರು?

ಹೊಸ ಚಿಪ್ ಹಾಕಿದ ಮೇಲೆ ಪರದೆ ಆಗಾಗ ಹಳೇ ಉಷ್ಣಾಂಶ ತೋರಿಸತೊಡಗಿತು. ಹೂವು ಬಾಡಿದರೆ ಗಿರಾಕಿ ಕೈತಪ್ಪುತ್ತಾನೆ. ಕಾರಣ ಹುಡುಕಲು ಕೋಡಿನ ನಡುವೆ, ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಮೂಡುವಂತೆ, ಒಂದು ಪ್ರಿಂಟ್ ಸಾಲು ಹಾಕಿದೆ: ‘ಎಲ್ಲಿ ಹೋದೆ ಮಾರಾಯ?’ ದೋಷ ಮಾಯ. ಸಾಲು ತೆಗೆದೆ, ಮತ್ತೆ ಹಾಜರ್.

“ಆ ಸಾಲು ಇರಲಿ ಬಿಡಿ ಮೇಡಂ, ಕೆಲಸ ನಡೀತಿದೆಯಲ್ಲ” ಎಂದರು ಬೆಂಗಳೂರಿನಿಂದಲೇ ಇಲ್ಲಿಗೆ ಬಂದಿರುವ ನಮ್ಮ ಬಾಸ್.

“ಇಲ್ಲ ಸರ್. ಕಾರಣ ಸಿಗೋವರೆಗೂ ನಾನು ಬಿಡಲ್ಲ.”

ಹಟ ಹಿಡಿದು ಕೂತೆ, ಸಿಕ್ಕಿತು. ಹೊಸ ಅಂಕಿ ಮೆಮೊರಿಗೆ ಸೇರುವ ಮೊದಲೇ ‘ಅಂಕಿ ಬಂತು’ ಎಂಬ ಸುದ್ದಿ ಸೇರುತ್ತಿತ್ತು; ಪ್ರಿಂಟ್ ಸಾಲು ಆ ಸುದ್ದಿಯನ್ನು ತುಸು ತಡಮಾಡುತ್ತಿತ್ತು, ಅಷ್ಟೆ. ಹಿಂದಿನದು ಮುಗಿಯದೆ ಮುಂದಿನದು ದಾಟಬಾರದು ಎಂದು ಅಲ್ಲೊಂದು ಮೆಮೊರಿ ಬ್ಯಾರಿಯರ್ ಹಾಕಿದೆ. ಸರಿಹೋಯಿತು. ಆದರೆ ಅಷ್ಟರಲ್ಲಿ ಬಾಸ್ ಪ್ರಿಂಟ್ ಸಾಲಿದ್ದ ಪ್ರತಿಯನ್ನೇ ಲಂಗಾಟಾದ ಗಿರಾಕಿಗೆ ಕಳಿಸಿಬಿಟ್ಟಿದ್ದರು. ಫೋನ್ ಬಂತು: “ಉಷ್ಣಾಂಶ ಸವಾ, ಸರಿಯಾಗಿದೆ. ಆದರೆ ಪರದೆ ಮೇಲಿರೋ ಈ ಮಾರಾಯ ಯಾರು? ಆ ಹೆಸರಿನವರು ನಮ್ಮಲ್ಲಿ ಯಾರೂ ಇಲ್ಲ.”

ಅತ್ತೆಯ ಅರ್ಥ

ಮೈಸೂರಿನಿಂದ ಅತ್ತೆ ಹೈರಿಡ್ಜ್‌ನ ನಮ್ಮ ಮನೆಗೆ ಬಂದಿದ್ದರು. ನನ್ನ ಕೆಲಸ ಏನೆಂದು ಕೇಳಿದರು.

“ಒಬ್ಬರು ಏನೋ ಮಾಡ್ತಿರ್ತಾರೆ ಅತ್ತೆ. ಇನ್ನೂ ತುರ್ತಿಂದು ಬಂದ್ರೆ ಅದನ್ನ ಅರ್ಧಕ್ಕೇ ಬಿಡಿಸಿ ಇದಕ್ಕೆ ಓಡಿಸ್ತೀವಿ. ಪ್ರೀಎಂಪ್ಶನ್ ಅಂತಾರೆ.”

ಅತ್ತೆ ಅವರೆಕಾಳು ಬಿಡಿಸುತ್ತಲೇ ಹೇಳಿದರು: “ನಮ್ಮ ಕಾಲದಲ್ಲಿ ಅದಕ್ಕೆ ಸೊಸೆ ಅಂತಿದ್ವಿ.”

ಸ್ವಾಗತ

ಹೊಸ ಗಿರಾಕಿ ಕೋಲ್ಡ್ ರೂಮ್ ನೋಡಲು ಬರುವವರಿದ್ದರು. ಒಳಗಿನ ಪರದೆಯಲ್ಲಿ ಸ್ವಾಗತ ಓಡಬೇಕೆಂದು ಬಾಸ್ ಪಟ್ಟು ಹಿಡಿದರು.

“ನನ್ನ ಹೆಸರು, ಪದವಿ, ಸನ್ಮಾನ ಎಲ್ಲ ಬರಲಿ. ಮಧ್ಯೆ ಯಾವುದೂ ತುಂಡು ಮಾಡಬಾರದು.”

“ಆಗ ಬೇರೆ ಕೆಲಸಗಳೆಲ್ಲ ಕಾಯಬೇಕಾಗುತ್ತೆ ಸರ್.”

“ಕಾಯಲಿ.”

ಸ್ವಾಗತ ಮುಗಿಯುವತನಕ ಪ್ರೀಎಂಪ್ಶನ್ ನಿಲ್ಲಿಸಿದೆ. ಬಾಸ್, ಗಿರಾಕಿ ಇಬ್ಬರೂ ಒಳಗೆ ಹೋದರು, ಬಾಗಿಲು ಮುಚ್ಚಿತು, ಸ್ವಾಗತ ಶುರುವಾಯಿತು. ತೆಳು ಅಂಗಿಯ ಗಿರಾಕಿ ಚಳಿಗೆ ಬಾಗಿಲ ಕಡೆ ನೋಡಿದ. ಬಾಸ್ ಬಾಗಿಲಿನ ಗುಂಡಿ ಒತ್ತಿದರು. ಅದೂ ಅದೇ ಕಂಟ್ರೋಲರಿನ ಕೆಲಸ; ಗುಂಡಿಯ ಸರದಿ ಇನ್ನೂ ಬಂದಿರಲಿಲ್ಲ. ಒತ್ತಿದರು, ಗುದ್ದಿದರು. ತಲೆಯ ಮೇಲೆ ಸನ್ಮಾನಗಳು ನಿಧಾನವಾಗಿ ಸರಿಯುತ್ತಿದ್ದವು. ಬಾಗಿಲನ್ನು ಕೈಯಿಂದಲೇ ತೆರೆಯುವ ಒಳಗಿನ ಹಿಡಿಯತ್ತ ಗಾಜಿನಾಚೆಯಿಂದ ನಾನು ಕೈ ಮಾಡಿ ತೋರಿಸಿದೆ. ನಾನು ಕೈಬೀಸಿದೆ ಎಂದುಕೊಂಡು ಗಿರಾಕಿ ಸೌಜನ್ಯದಿಂದ ತಿರುಗಿ ಕೈಬೀಸಿದ.

ಸ್ವಾಗತ ಮುಗಿಯಿತು, ಬಾಗಿಲು ತೆರೆಯಿತು. ಹಲ್ಲು ಕಟಕಟಿಸುತ್ತಾ ಹೊರಬಂದ ಬಾಸ್ ನನ್ನ ಹತ್ತಿರ ನಿಂತರು.

“ಮೇಡಂ, ಮುಂದಿನ ಸಲ ಹೆಸರೊಂದೇ ಸಾಕು. ಇನಿಷಿಯಲ್ಲೂ ಬೇಡ.”